ಚಿಲಕ

ವಾಸ್ಕೊದ ಬೈನಾದಲ್ಲಿ, ಕಲ್ಲಿದ್ದಲ ಧೂಳು ಕೂತ
ನಮ್ಮ ಸರಕಾರಿ ದವಾಖಾನೆಯ ಬಾಗಿಲಿಗೆ
ಹೋದ ಶ್ರಾವಣದಲ್ಲಿ ಒಂದು ಯಂತ್ರ ತಂದು ನಿಲ್ಲಿಸಿದರು.
ಎದೆಯೆತ್ತರದ ಕಂಬ, ನೆತ್ತಿಯ ಮೇಲೆ ಮೂರು ಗುಂಡಿ:
ಹಸಿರು ನಗುತ್ತದೆ,
ಹಳದಿಗೆ ಏನೂ ಅನಿಸುವುದಿಲ್ಲ,
ಕೆಂಪು ಬಾಯಿ ಕೆಳಗೆ ಮಾಡಿದೆ.

ಒತ್ತಿಸುವ ಕೆಲಸ ನನ್ನದು.
ದಿನಗೂಲಿ, ಜೊತೆಗೆ ಕೈ ಮುರಿದ ಕುರ್ಚಿ.
ಹತ್ತನೇ ಇಯತ್ತೆ ಆಗಿದೆ, ಕೊಂಕಣಿ ಬರುತ್ತದೆ,
ಗದಗದವರು ಬೈದರೂ ಬಾಗಲಕೋಟೆಯವರು ಬೈದರೂ ತಿಳಿಯುತ್ತದೆ.
ಅಷ್ಟು ಸಾಕಂತೆ.

ಮೊದಲ ದಿನ ಬಾಳವ್ವ,
ಸಿಗಡಿ ಸುಲಿದು ಸುಲಿದು ಬಾತ ಬೆರಳು.
ಹೆಂಗಾತು ಅಂತ ಒತ್ತಬೇ, ಅಂದೆ.
ಮೂರನ್ನೂ ಒತ್ತಿದಳು.
"ಪಾಳೇದಾಗ ನಿಂತಾಗ ಕೆಂಪು.
ಸೂಜಿ ಚುಚ್ಚೂಮುಂದ ಹಳದಿ.
ಆಮ್ಯಾಲೆ ಆ ಸಿಸ್ಟರು ಉಫ್ ಅಂತ ಊದಿದಳಲ್ಲ,
ತನ್ನ ಮಗಳ ಬೆರಳು ಅನ್ನೂಹಂಗ, ಅದಕ ಹಸಿರು."
ಯಂತ್ರ ಒಂದನ್ನೇ ಲೆಕ್ಕಕ್ಕೆ ಹಿಡಿಯಿತು.
ಯಾವುದನ್ನೋ.

ಪೀರಾಂಬಿಯ ಮೊಮ್ಮಗ ಹಸಿರನ್ನು
ನಲವತ್ತೊಂದು ಸಲ ಒತ್ತಿದ. ಟಿಂಗ್ ಅನ್ನುತ್ತಿತ್ತು, ಅದಕ್ಕೆ.
ಆ ತಿಂಗಳು ಇಡೀ ತಾಲೂಕಿಗೆ ನಾವೇ ಮೊದಲು.
ಪಣಜಿಯಿಂದ ಸಾಹೇಬರು ಬಂದು ಫೋಟೊ ತೆಗೆಸಿಕೊಂಡರು.
ಹುಡುಗನಿಗೆ ಆಗ ಮಂಗನಬಾವು;
ಫೋಟೊದಲ್ಲಿ ಅವನಿಲ್ಲ.

ಗುಂಡಿಗೆ ಹಿಡಿಸದ್ದನ್ನು ಕ್ಯಾಲೆಂಡರಿನ ಬೆನ್ನಿಗೆ ಬರೆದಿಟ್ಟೆ.
ಬರೆ ಅಂತ ಯಾರೂ ಹೇಳಿರಲಿಲ್ಲ.

ಚೀಟಿಯ ಕಿಂಡಿ ಬಹಳ ಕೆಳಗಿದೆ, ತುಂಬು ಬಸುರಿಯರು ಬಗ್ಗಬೇಕು.
ಬಿಳಿ ಗುಳಿಗೆ ಯಾವ ಹೊತ್ತಿಗೆ, ಕೆಂಪು ಯಾವ ಹೊತ್ತಿಗೆ,
ಬರೆದದ್ದೆಲ್ಲ ಇಂಗ್ಲಿಷು:
ಫಕೀರವ್ವ ಎಂಟು ದಿನ ಅದಲುಬದಲು ನುಂಗಿದ್ದಾಳೆ.
ಡಾಕ್ಟರು ಕಂಪ್ಯೂಟರನ್ನೇ ನೋಡುತ್ತಾರೆ.
ಹೊಟ್ಟೆ ತೋರಿಸಲು ಹೋದ ಮುದುಕ
ಎತ್ತಿದ ಅಂಗಿ ಇಳಿಸದೆ ಹೊರಗೆ ಬಂದ.
ಹೆಂಗಸರ ಪಾಯಖಾನೆಗೆ ಚಿಲಕವಿಲ್ಲ.
ಒಬ್ಬಳು ಒಳಗೆ, ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು.
ಒಂಟಿಯಾಗಿ ಬಂದವಳು ತಡೆದುಕೊಂಡು ಮನೆಗೆ ಹೋಗುತ್ತಾಳೆ,
ಉರಿಮೂತ್ರ ಅಂತ ಬಂದವಳೂ.

ದೀಪಾವಳಿ ಕಳೆದು ಗುರಸಿದ್ದವ್ವ ಬಂದಳು.
ಗಂಡ ಬಂದರಿನಲ್ಲಿ ಚೀಲ ಹೊರುತ್ತಿದ್ದ.
ಎದೆ ಹಿಡಿದುಕೊಂಡ ರಾತ್ರಿ ಇದೇ ಬೆಂಚಿನ ಮೇಲೆ
ಬಾಂಬೋಳಿಗೆ ಒಯ್ಯುವ ಗಾಡಿಗಾಗಿ ಮಲಗಿಸಿದ್ದರು.
ಗಾಡಿ ಬಂದದ್ದು ಒಂದು ತಾಸು ಹತ್ತು ನಿಮಿಷಕ್ಕೆ.
ಆಕೆಗೆ ಗಡಿಯಾರ ನೋಡಲು ಬರುತ್ತದೆ.

ಕಾಗದಕ್ಕೆಂದು ಬಂದವಳು ಕಂಬದೆದುರು ನಿಂತಳು.
"ಅವನ ಪರವಾಗಿ ನಾ ಒತ್ತಬೌದೇನು?"
ನನಗೆ ಗೊತ್ತಿರಲಿಲ್ಲ. ತರಬೇತಿಯಲ್ಲಿ ಹೇಳಿರಲಿಲ್ಲ.
ಮೂರೂ ಮುಖದ ಮೇಲೆ ಅಂಗೈ ಅಗಲಿಸಿ ಇಟ್ಟಳು,
ಒತ್ತಲಿಲ್ಲ,
ಜ್ವರ ನೋಡುವ ಹಾಗೆ ಇಟ್ಟುಕೊಂಡೇ ಇದ್ದಳು.
ಆಮೇಲೆ ನಲ್ಲಿಯಲ್ಲಿ ನೀರು ಕುಡಿದು ಹೋದಳು.

ಡಿಸೆಂಬರಿನ ಮೀಟಿಂಗಿಗೆ ಮುಂಚೆ
ಕ್ಯಾಲೆಂಡರು ಹರಿದು ಸಿಸ್ಟರ್ ಲುದೊವಿನಾಗೆ ಓದಿದೆ, ಕೊಂಕಣಿಯಲ್ಲಿ.
ಎತ್ತಿದ ಅಂಗಿಗೆ ನಕ್ಕಳು.
ಕೊನೆಯ ಸಾಲಿಗೆ ಕನ್ನಡಕ ತೆಗೆದಳು.

ಕಿಂಡಿ ಕಡತದಲ್ಲಿದೆ.
ಗುಳಿಗೆಗೆ ಸೂರ್ಯ ಚಂದ್ರರ ಚಿತ್ರ ಅಂಟಿಸಬೇಕು ಅನ್ನುತ್ತಿದ್ದಾರೆ,
ಅಂಟು ಬಂದಿಲ್ಲ.
ಗಾಡಿ ಬೇರೆ ಖಾತೆಯಂತೆ.
ಬಡಿಗ ಕಾಯ್ತಾನ್ ಬಂದು ನಾಲ್ಕು ಸ್ಕ್ರೂ ಹೊಡೆದು
ಚಿಲಕ ಕೂರಿಸಿ ಹೋದ.

ಬಾಳವ್ವ ಒಳಗೆ ಹೋಗಿ
ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.
ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡೆ.
ಸೆರಗಿಗೆ ಕೈ ಒರೆಸುತ್ತ ಕಂಬ ದಾಟಿ ನಡೆದುಬಿಟ್ಟಳು.
"ಯಾಕಬೇ, ಒತ್ತಲಿಲ್ಲಲ್ಲ?"
"ಕೇಳಿಸಲಿಲ್ಲೇನ ನಿನಗ?"

ಹೊಸ ವರ್ಷದ ಕ್ಯಾಲೆಂಡರು ಬಂದಿದೆ, ಕಿರಾಣಿ ಅಂಗಡಿಯದು.
ಜನವರಿಯ ಬೆನ್ನು ಬಿಳಿ.
ಅಂಗಡಿಯವನ ವಹಿಯಲ್ಲಿ ಕಂಡ ಹಾಗೆ
ಮೊದಲ ಸಾಲು ಬರೆದೆ:
ಹಿಂದಿನ ಬಾಕಿ, ಒಂದು ತಾಸು ಹತ್ತು ನಿಮಿಷ.